ಕೇಳಿದ್ದನ್ನು ಹೇಳುವವನ ಹೊಣೆ



ಸುಳ್ಳು ಹೇಳಬಾರದೆಂಬದನ್ನು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ರವಿವಾರದ ಶಾಲೆಯಲ್ಲಿ ಹತ್ತು ಆಜ್ಞೆಗಳನ್ನು ಒಪ್ಪಿಸುವ ಬಾಲಕನು ಸುಳ್ಳುಸಾಕ್ಷಿಯ ಆಜ್ಞೆಗೆ ಬಂದಾಗ ತಡವರಿಸುವದಿಲ್ಲ. ದೊಡ್ಡವರಾದ ನಾವಾದರೋ ಆ ಆಜ್ಞೆಯನ್ನು ಕೇಳಿದಾಗ, ಇದು ಕೋರ್ಟಿನ ಕಟ್ಟೆಯೇರಿ ಹಣಕ್ಕಾಗಿ ಸಾಕ್ಷಿ ನುಡಿಯುವವರಿಗೆ ಹೇಳಿದ್ದು, ನಮಗಲ್ಲ, ಎಂದು ಸಮಾಧಾನಪಟ್ಟುಕೊಳ್ಳುವದುಂಟು. ಆದರೆ ಆ ಆಜ್ಞೆಯ ಬಾಗಿಲಲ್ಲಿಯೇ ಮತ್ತೊಂದು ಪ್ರಶ್ನೆ ನಿಂತಿರುವದು. ಒಬ್ಬನು ತಾನು ಹುಟ್ಟಿಸದ ಸುಳ್ಳನ್ನು, ಅದು ಸುಳ್ಳೆಂದು ತಿಳಿಯದೆ, ಮತ್ತೊಬ್ಬನ ಕಿವಿಗೆ ಮುಟ್ಟಿಸಿದರೆ ಅದರ ಹೊಣೆ ಅವನಿಗೂ ಉಂಟೋ? ಅಥವಾ ಮೊದಲು ಹುಟ್ಟಿಸಿದವನಿಗೆ ಮಾತ್ರವೋ? ಈ ತಿಂಗಳು ಇದನ್ನು ಕುರಿತು ವಾಚಕರೊಂದಿಗೆ ಕೂಡಿ ಆಲೋಚಿಸಬೇಕೆಂದು ನಮಗೆ ಮನಸ್ಸಾಗಿದೆ.

ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಯಾರೂ ತಿಳಿಯಬಾರದು. ಜಮಖಂಡಿಯ ಸಂತೆಯಲ್ಲಿ ಕಾಳುಕಡಿ ಕೊಳ್ಳಲು ನಿಂತವರೂ, ಮುಧೋಳದ ಬಸ್ ನಿಲ್ದಾಣದಲ್ಲಿ ಕಬ್ಬಿನ ದರದ ಮಾತಾಡುತ್ತ ಕೂತವರೂ, ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸಪ್ಪಳದ ನಡುವೆ ಕೂಗಿ ಮಾತಾಡುವವರೂ ದಿನಾಲು ತಮ್ಮ ನಡತೆಯಿಂದ ಇದಕ್ಕೆ ಉತ್ತರ ಕೊಡುತ್ತಲೇ ಇರುವರು. ಬೀಳಗಿಯ ಕಡೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆಗಳನ್ನು ಬಿಟ್ಟುಕೊಟ್ಟವರ ಊರುಗಳಿವೆ. ಅಂಥಲ್ಲಿ, ಇಂಥ ಹಳ್ಳಿಗೆ ಪರಿಹಾರ ಬರುವದಂತೆ, ಇಂಥದಕ್ಕೆ ಬಾರದಂತೆ ಎಂಬ ಒಂದು ಮಾತು ಎದ್ದರೆ ಸಾಕು, ಅದನ್ನು ನಂಬಿದ ಬಡವನು ಹೊಲವನ್ನು ಸಿಕ್ಕ ಬೆಲೆಗೆ ಬರೆದುಕೊಟ್ಟುಬಿಡಬಹುದು. ಮಾತು ಸುಳ್ಳಾಯಿತೆಂದು ಆಮೇಲೆ ಗೊತ್ತಾಗಿ, ಹೇಳಿದವರನ್ನು ಹುಡುಕಿದರೆ, ಪ್ರತಿಯೊಬ್ಬನೂ, "ನಾನೇನು ಹುಟ್ಟಿಸಿದೆನೇ? ಕೇಳಿದ್ದನ್ನು ಹೇಳಿದೆನು" ಅನ್ನುವನು. ಹೀಗೆ ಎಲ್ಲರೂ ಹೇಳಿದ ಮಾತಿಗೆ ಯಾರೂ ಹೊಣೆಗಾರರಿಲ್ಲದೆ ಹೋಗುವದು. ಹೊಲವು ಮಾತ್ರ ಹೋದದ್ದೇ ನಿಜ.

ನಾವು ಇದನ್ನು ತಪ್ಪಿಲ್ಲದವರಾಗಿ ಬೋಧಿಸುತ್ತಿಲ್ಲ. ನಮ್ಮ ಸ್ವಂತ ತಪ್ಪನ್ನೇ ಮೊದಲು ಹೇಳುವದು ನ್ಯಾಯ.

ಸೆಮಿನರಿಯ ಅಭ್ಯಾಸ ಮುಗಿಸಿ, ಈ ಸೀಮೆಯ ನೇಕಾರರ ಊರೊಂದರಲ್ಲಿ ಉಪದೇಶಿಯ ಕೆಲಸಕ್ಕೆ ನಿಂತ ಹೊಸದರಲ್ಲಿ, ನಮ್ಮ ಬಿಡಾರವಿದ್ದ ಓಣಿಯಲ್ಲಿಯೇ ಒಬ್ಬ ನೇಕಾರನಿದ್ದನು. ಅವನು ನಮ್ಮ ಸಭೆಯವನಲ್ಲ. ಆದರೂ ಎದುರಿಗೆ ಕಂಡಾಗಲೆಲ್ಲಾ ಕೈಮುಗಿದು ಮಾತಾಡಿಸುವವನು. ಸಾವಕಾರರೊಬ್ಬರಿಂದ ನೂಲು ತಂದು, ಸೀರೆ ನೇಯ್ದುಕೊಟ್ಟು, ಕೂಲಿ ಪಡೆದು ಸಂಸಾರ ನಡಿಸುತ್ತಿದ್ದನು. ಒಂದು ದಿನ, ಅವನು ಒಯ್ದ ನೂಲಿಗೂ ತಂದುಕೊಟ್ಟ ಸೀರೆಗಳಿಗೂ ತಾಳೆಯಾಗಲಿಲ್ಲವಂತೆ, ಒಂದು ಗಂಟು ನೂಲನ್ನು ಹೊರಗೆ ಮಾರಿಕೊಂಡನಂತೆ, ಎಂಬ ಮಾತು ನಮ್ಮ ಕಿವಿಗೆ ಬಿತ್ತು. ಹೇಳಿದವರು ನಂಬತಕ್ಕವರೇ. ಅದೇ ಸಾಯಂಕಾಲ ಚಹದಂಗಡಿಯಲ್ಲಿ ನಾಲ್ಕು ಜನರು ಕೂತಿದ್ದಾಗ ದುರಾಶೆಯ ಮಾತು ಬರಲು, ನಾವು ಇದನ್ನು ದೃಷ್ಟಾಂತವಾಗಿ ಎತ್ತಿದೆವು. ಅವನ ಹೆಸರನ್ನೂ ಹೇಳಿದೆವು. ಉಪದೇಶಿಗಳೇ ಹೇಳಿದರೆಂದ ಮೇಲೆ ಅನುಮಾನವೆಲ್ಲಿಯದು? ಅಲ್ಲಿಯ ತನಕ 'ಅಂತೆ' ಎಂದಿದ್ದ ಮಾತು ಅಂದಿನಿಂದ 'ಹೌದು' ಎಂದಾಯಿತು.

ಎರಡು ತಿಂಗಳೊಳಗೆ ಆ ಊರಿನ ಯಾವ ಸಾವಕಾರರೂ ಅವನಿಗೆ ನೂಲು ಕೊಡದಾದರು. ಅವನು ಮಗ್ಗವನ್ನು ಮಾರಿ, ಹೆಂಡತಿ ಮಕ್ಕಳನ್ನು ಕರಕೊಂಡು, ಕೂಲಿ ಹುಡುಕಿ ಇಚಲಕರಂಜಿಗೆ ಹೊರಟುಹೋದನು. ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದ ಅವನ ಮಗಳು ಶಾಲೆ ಬಿಟ್ಟಳು. ಮುಂದಿನ ದೀಪಾವಳಿಗೆ ಸಾವಕಾರರ ಅಂಗಡಿಯಲ್ಲಿ ಹಳೆಯ ವಹಿಗಳನ್ನು ತಿರುವಿಹಾಕುವಾಗ, ಅದೇ ಹೆಸರಿನ ಬೇರೊಬ್ಬ ನೇಕಾರನು ಒಯ್ದ ಗಂಟನ್ನು ಕಾರಕೂನನು ತಪ್ಪಿ ಇವನ ಖಾತೆಗೆ ಬರೆದಿದ್ದನೆಂದು ತಿಳಿದುಬಂತು. ನೂಲು ಎಲ್ಲಿಯೂ ಹೋಗಿರಲಿಲ್ಲ. ನೆರೆಯವನು ಮಾತ್ರ ಹೋಗಿಬಿಟ್ಟಿದ್ದನು.

ನಾವು ಇಚಲಕರಂಜಿಗೆ ಹೋಗಿ ಅವನನ್ನು ಹುಡುಕಿ ಕ್ಷಮೆ ಬೇಡಿದೆವು. ಅವನು ಸಿಟ್ಟಾಗಲಿಲ್ಲ. ನೀರು ಕೊಟ್ಟು, ಕೂಡ್ರಿಸಿ, ನಾವು ಹೇಳಿದ್ದನ್ನೆಲ್ಲಾ ಸುಮ್ಮನೆ ಕೇಳಿಕೊಂಡನು. ಕಡೆಗೆ, "ನಮ್ಮ ಮನಿ ನಿಮ್ಮ ಮನಿಯಿಂದ ಹತ್ತು ಹೆಜ್ಜಿ ಇತ್ತಲ್ರಿ ಅಯ್ಯನವರ, ಬಂದು ಒಂದು ಮಾತು ಕೇಳಬೇಕಾಗಿತ್ತು" ಎಂದಷ್ಟೇ ಅಂದನು. ಆ ಹತ್ತು ಹೆಜ್ಜೆಗಳನ್ನು ನಾವು ಈ ತನಕ ಮರೆತಿಲ್ಲ. ಊರಿಗೆ ಬಂದು, ರವಿವಾರ ಆರಾಧನೆಯ ತರುವಾಯ ಸಭೆಯ ಮುಂದೆ ನಿಂತು ನಿಜವನ್ನು ತಿಳಿಸಿದೆವು. ಮರುದಿನ ಆ ಚಹದಂಗಡಿಗೂ ಹೋಗಿ ಹೇಳಿದೆವು. ಆದರೆ ಅಂದು ಅಲ್ಲಿ ಕೇಳಿದವರಲ್ಲಿ ಒಬ್ಬರು ಪರಸ್ಥಳದವರಾಗಿದ್ದರು. ಅವರು ಆ ಮಾತನ್ನು ಯಾವ ಊರಿಗೆ ಒಯ್ದರೋ, ಅಲ್ಲಿ ಯಾರಿಗೆ ಹೇಳಿದರೋ, ನಮಗೆ ತಿಳಿಯದು.

ಇದಾದ ಕೆಲವು ವರುಷಗಳ ಮೇಲೆ, ಕನ್ನಡದಲ್ಲಿ ಮೊದಲನೆಯ ವರ್ತಮಾನಪತ್ರವನ್ನು ಹೊರಡಿಸಿದವರ ಚರಿತ್ರೆಯನ್ನು ಓದುವ ಸಂದರ್ಭ ನಮಗೆ ಬಂತು. ಅವರು ಆ ಕೆಲಸಕ್ಕೆ ಕೈಹಾಕಿದ್ದು ಇದೇ ಪ್ರಶ್ನೆಯ ನಿಮಿತ್ತವೆಂದು ಕಂಡು ನಮಗೆ ಆಶ್ಚರ್ಯವಾಯಿತು.

ಅವರ ಹೆಸರು ಹರ್ಮನ್ ಮೋಗ್ಲಿಂಗ್. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ 1811ನೆಯ ಇಸವಿಯ ಮೇ 29ರಂದು ಹುಟ್ಟಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಓದಿ, ಬಾಸೆಲ್ ಮಿಶನ್ನಿನವರಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನವರು ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ಕೆಲಸವನ್ನಾರಂಭಿಸಿ, ಆಮೇಲೆ ನಮಗೆ ಹತ್ತಿರವಾದ ನೇಕಾರರ ಊರು ಗುಳೇದಗುಡ್ಡದಲ್ಲಿಯೂ ನೆಲೆಗೊಂಡದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮೋಗ್ಲಿಂಗ್ ಅಯ್ಯನವರು ಮಂಗಳೂರಲ್ಲಿ ಕನ್ನಡವನ್ನು ಕಲಿತರು, ಹುಡುಗರಿಗೆ ಕಲಿಸಿದರು. 1841ರಲ್ಲಿ ಅಲ್ಲಿ ಮಿಶನ್ನಿನ ಕಲ್ಲಚ್ಚಿನ ಛಾಪಖಾನೆ ಆರಂಭವಾಯಿತು. 1843ನೆಯ ಇಸವಿಯ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಪತ್ರಿಕೆಯು ಹೊರಟಿತು. ಅದು ಹದಿನೈದು ದಿವಸಕ್ಕೊಮ್ಮೆ ಬರುವ ನಾಲ್ಕು ಪುಟದ ಕಾಗದ. ಬೆಲೆ ಒಂದು ದುಡ್ಡು. ಕನ್ನಡ ಭಾಷೆಯಲ್ಲಿ ಅದಕ್ಕಿಂತ ಮೊದಲು ವರ್ತಮಾನಪತ್ರವಿರಲಿಲ್ಲ. ಆದಕಾರಣವೇ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವರು.

ಆ ಕಾಗದದಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಬೇರೆ ರಾಜ್ಯಗಳ ಸುದ್ದಿ, ಬುದ್ಧಿಮಾತು, ಕಥೆ, ದಾಸರ ಪದ ಇವೆಲ್ಲಾ ಇರುತ್ತಿದ್ದವು. ಆದರೆ ಅದನ್ನು ಯಾಕೆ ಹೊರಡಿಸಿದರೆಂಬದಕ್ಕೆ ಮೊದಲನೆಯ ಸಂಚಿಕೆಯಲ್ಲಿ ಕೊಟ್ಟ ಕಾರಣವೇ ನಮ್ಮ ವಿಷಯಕ್ಕೆ ಬೇಕಾದದ್ದು. ಅದರ ತಾತ್ಪರ್ಯವೇನಂದರೆ: ಮಂಗಳೂರಿನವರಿಗೆ ಸುದ್ದಿಯ ಮೇಲೆ ಬಹಳ ಆಶೆ. ಆದರೆ ಕಚೇರಿಯೊಳಗೆ ನಡೆದ ಒಂದು ಸಂಗತಿ ಹೊರಗೆ ಬಂದು ಓಣಿಯಿಂದ ಓಣಿಗೆ ದಾಟುವಷ್ಟರಲ್ಲಿ ಇಲ್ಲದ್ದು ಅದಕ್ಕೆ ಅಂಟಿಕೊಳ್ಳುತ್ತ ಹೋಗುವದು. ಬೆಳಗಾದ ಮೇಲೆ ಅದು ಬರೀ ಸುಳ್ಳೆಂದು ತಿಳಿದು, ಕೇಳಿದವರಿಗೆ ಏನೂ ಪ್ರಯೋಜನವಾಗದು. ಆದುದರಿಂದ ಸುದ್ದಿಗಳನ್ನು ಶೋಧಿಸಿ, ಬರೆದು, ಬೇಕಾದವರಿಗೆ ಕೊಡುವದು ಉಪಕಾರದ ಕೆಲಸ.

ವಾಚಕರೇ, ಇದರಲ್ಲಿ ಒಂದು ಸೂಕ್ಷ್ಮವುಂಟು. ಅಯ್ಯನವರು ಯಾವನೊಬ್ಬನನ್ನೂ ಸುಳ್ಳುಗಾರನೆಂದು ತೋರಿಸಲಿಲ್ಲ. ಕಚೇರಿಯಲ್ಲಿ ನಡೆದದ್ದು ನಿಜ. ಅದನ್ನು ಹೊರಗೆ ತಂದವನು ಸ್ವಲ್ಪವೇ ಸೇರಿಸಿದನು. ಅವನಿಂದ ಕೇಳಿದವನು ಮತ್ತಷ್ಟೇ ಸೇರಿಸಿದನು. ಕಡೆಗೆ ಆದ ದೊಡ್ಡ ಸುಳ್ಳಿಗೆ ತಂದೆಯೆನ್ನತಕ್ಕ ಒಬ್ಬ ಮನುಷ್ಯನೇ ಇಲ್ಲ. ಹಾಗಾದರೆ, ಹುಟ್ಟಿಸಿದವನಿಗೆ ಮಾತ್ರ ಹೊಣೆ ಎಂದು ನಾವು ಹೇಳಿದರೆ, ಲೋಕದಲ್ಲಿ ಬಹುಪಾಲು ಸುಳ್ಳುಗಳಿಗೆ ಯಾರೂ ಹೊಣೆಯಲ್ಲವೆಂದಾಗುವದು. ನಮ್ಮ ನೇಕಾರನ ಸಂಗತಿಯಲ್ಲಿಯೂ ಹಾಗೆಯೇ ಆಯಿತು. ಕಾರಕೂನನು ಸುಳ್ಳು ಬರೆಯಬೇಕೆಂದು ಬರೆಯಲಿಲ್ಲ, ಹೆಸರು ತಪ್ಪಿದನು. ಸಾವಕಾರರು ವಹಿಯಲ್ಲಿದ್ದದ್ದನ್ನು ನಂಬಿದರು. ನಮಗೆ ಹೇಳಿದವರು ಕೇಳಿದ್ದನ್ನು ಹೇಳಿದರು. ನಾವೂ ಕೇಳಿದ್ದನ್ನೇ ಹೇಳಿದೆವು. ಒಬ್ಬನೂ ಸುಳ್ಳುಗಾರನಲ್ಲ, ಆದರೂ ಒಂದು ಮನೆ ಹಾಳಾಯಿತು. ಆದಕಾರಣ ಹೊಣೆಯನ್ನು ಹುಟ್ಟಿದ ಸ್ಥಳದಲ್ಲಿ ಹುಡುಕಿದರೆ ಸಾಲದು, ದಾಟಿದ ಒಂದೊಂದು ಕೈಯಲ್ಲಿಯೂ ಹುಡುಕಬೇಕು.

ಶೋಧಿಸುವದೆಂದರೇನು? ನಮ್ಮ ತಾಯಂದಿರು ಇದನ್ನು ಚೆನ್ನಾಗಿ ಬಲ್ಲರು. ಹೊಲದಿಂದ ಬಂದ ಜೋಳವನ್ನು ಹಸನುಮಾಡದೆ ಯಾರೂ ಗಿರಣಿಗೆ ಒಯ್ಯುವದಿಲ್ಲ. ಮೊರದಲ್ಲಿ ಹಾಕಿ ಕೇರಿ, ಹೊಟ್ಟು ಹಾರಿಸಿ, ಹರಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುವರು. ರೊಟ್ಟಿಯಲ್ಲಿ ಹರಳು ಸಿಕ್ಕಿ ಮನೆಯ ಮುದುಕನ ಹಲ್ಲು ಮುರಿದರೆ, "ಹರಳನ್ನು ನಾನು ಹುಟ್ಟಿಸಲಿಲ್ಲ, ಹೊಲದಲ್ಲಿತ್ತು" ಎಂದು ಯಾವ ಗೃಹಿಣಿಯೂ ತಪ್ಪಿಸಿಕೊಳ್ಳುವದಿಲ್ಲ. ಹರಳು ಹೊಲದ್ದೇ, ಆದರೆ ರೊಟ್ಟಿ ಅವಳದು. ಹಾಗೆಯೇ ಮಾತು ಬೇರೆಯವರದಾಗಿದ್ದರೂ, ನಮ್ಮ ಬಾಯಿಂದ ಹೊರಟ ಮೇಲೆ ಅದು ನಮ್ಮ ರೊಟ್ಟಿಯೇ.

ಅಯ್ಯನವರ ಕಾಗದವು ಕಲ್ಲಚ್ಚಿನಲ್ಲಿ ಆಗುತ್ತಿತ್ತೆಂದು ಹೇಳಿದೆವಷ್ಟೆ. ಆ ಕೆಲಸದ ರೀತಿಯನ್ನು ತಿಳಿಯುವದು ಪ್ರಯೋಜನಕರ. ಅದರಲ್ಲಿ ಸೀಸದ ಮೊಳೆಗಳಿಲ್ಲ. ಜಿಡ್ಡುಳ್ಳ ಮಸಿಯಿಂದ ಬರೆದ ಅಕ್ಷರಗಳನ್ನು ನುಣುಪಾದ ಒಂದು ಸುಣ್ಣಕಲ್ಲಿನ ಮೇಲೆ ಮೂಡಿಸುವರು. ಆ ಕಲ್ಲಿಗೆ ನೀರು ಸವರಿದರೆ ಬರಿದಾದ ಭಾಗವೆಲ್ಲಾ ಒದ್ದೆಯಾಗುವದು, ಜಿಡ್ಡಿನ ಅಕ್ಷರಗಳು ಮಾತ್ರ ನೀರನ್ನು ಹಿಡಿಯವು. ಆಮೇಲೆ ಮಸಿಯನ್ನು ಹಚ್ಚಿದಾಗ ಅದು ಅಕ್ಷರಗಳಿಗೆ ಮಾತ್ರ ಅಂಟಿಕೊಳ್ಳುವದು. ಮೇಲೆ ಕಾಗದವಿಟ್ಟು ಒತ್ತಿದರೆ ಅಚ್ಚು ಬೀಳುವದು. ಹೀಗೆ ನಾಲ್ಕು ಪುಟಗಳ ಪ್ರತಿಯೊಂದು ಅಕ್ಷರವನ್ನೂ ಒಬ್ಬ ಮನುಷ್ಯನು ಕೈಯಿಂದ ಬರೆಯಬೇಕಾಗಿತ್ತು. ಬರೆಯುವ ಕೈ ಮೆಲ್ಲಗೆ ನಡೆಯುವಾಗ ಮನಸ್ಸಿಗೆ ಆಲೋಚಿಸಲು ಹೊತ್ತಿರುವದು. ಪತ್ರಿಕೆಯು ಮಂಗಳೂರಲ್ಲಿ 1844ರ ಫೆಬ್ರವರಿ ತಿಂಗಳ ವರೆಗೆ ನಡೆದು, ಅದೇ ವರುಷದ ಮೇ 1ರಿಂದ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಬಳ್ಳಾರಿಯಲ್ಲಿ ಮೊಳೆಯಚ್ಚಿನಲ್ಲಿ ಹೊರಡತೊಡಗಿತು. ಒಂದು ಊರಿನ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂತು. ಓದುವವರು ಹೆಚ್ಚುವಲ್ಲೆಲ್ಲಾ ಶೋಧಿಸುವವರ ಹೊಣೆಯೂ ಹೆಚ್ಚುವದು.

ಇಲ್ಲಿ ಯಾರಾದರೂ ಒಂದು ಆಕ್ಷೇಪಣೆಯನ್ನು ಮಾಡಬಹುದು. ಎಲ್ಲವನ್ನೂ ಶೋಧಿಸುತ್ತ ಕೂತರೆ ಸುದ್ದಿ ಹಳಸಿಹೋಗುವದಿಲ್ಲವೋ? ಹೌದು, ಈ ಅಪಾಯವೂ ಉಂಟು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೇರಿಕೆಗೆ ವಲಸೆಹೋದ ಜಾನ್ ಕ್ಯಾಂಬೆಲ್ ಎಂಬವರು ಬೋಸ್ಟನ್ ಪಟ್ಟಣದ ಅಂಚೆಯ ಅಧಿಕಾರಿಯಾಗಿದ್ದರು. ಅವರು 1704ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಂದು ವಾರಪತ್ರಿಕೆಯನ್ನು ಹೊರಡಿಸಿದರು; ಅಲ್ಲಿಯ ಆಂಗ್ಲ ವಸಾಹತುಗಳಲ್ಲಿ ನಿಂತುಹೋಗದೆ ನಡೆದ ಮೊದಲನೆಯ ವರ್ತಮಾನಪತ್ರ ಅದೇ. ಯೂರೋಪಿನ ಸುದ್ದಿಗಳನ್ನು ನಡುವೆ ಏನೂ ಬಿಡದೆ ಕ್ರಮವಾಗಿಯೇ ಅಚ್ಚು ಹಾಕಬೇಕೆಂಬದು ಅವರ ಹಟ. ಕಾಗದವಾದರೋ ಚಿಕ್ಕದು. ಹೀಗಾಗಿ 1719ರ ಹೊತ್ತಿಗೆ ಪರದೇಶದ ಸುದ್ದಿಗಳಲ್ಲಿ ಹದಿಮೂರು ತಿಂಗಳಷ್ಟು ಹಿಂದೆ ಬಿದ್ದಿದ್ದರು! ನಾವು ನಗಬಹುದು. ಆದರೆ ಎಲ್ಲಾ ಸುದ್ದಿಯೂ ಹಾಗೆ ಕಾಯಲಾರದು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಜಮಖಂಡಿ ಮುಧೋಳಗಳ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಯಾರು ಮರೆತಿದ್ದಾರೆ? ಅಂಥ ರಾತ್ರಿಯಲ್ಲಿ, ಪೂರಾ ಶೋಧಿಸಿಯೇ ಹೇಳುವೆನೆಂದು ಕೂತವನು ನೆರೆಯವನನ್ನು ಮುಳುಗಿಸಿದಂತೆಯೇ.

ಇದಕ್ಕೆ ಉತ್ತರವು ನಮ್ಮ ಭಾಷೆಯಲ್ಲಿಯೇ ಇದೆ. ಕಂಡದ್ದನ್ನು 'ಬಂದಿತು' ಅನ್ನುತ್ತೇವೆ. ಕೇಳಿದ್ದನ್ನು 'ಬಂದಿತಂತೆ' ಅನ್ನುತ್ತೇವೆ. ಆ ಒಂದು 'ಅಂತೆ' ಎಂಬದರಲ್ಲಿ ಹಿರಿಯರು ಎಷ್ಟೋ ಪ್ರಾಮಾಣಿಕತೆಯನ್ನು ಇಟ್ಟುಹೋಗಿದ್ದಾರೆ. ಅವಸರದ ಸುದ್ದಿಯನ್ನು ಹೇಳಲೇಬೇಕಾದರೆ, ಕಂಡದ್ದನ್ನು ಕಂಡೆನೆಂದೂ, ಕೇಳಿದ್ದನ್ನು ಇಂಥವರಿಂದ ಕೇಳಿದೆನೆಂದೂ ಬಿಡಿಸಿ ಹೇಳಬೇಕು. ಕೇಳಿದವನು ಅದಕ್ಕೆ ತಕ್ಕಷ್ಟು ಎಚ್ಚರವಾಗುವನು. ನಾವು ಚಹದಂಗಡಿಯಲ್ಲಿ ಮಾಡಿದ ತಪ್ಪು ಆ 'ಅಂತೆ'ಯನ್ನು ನುಂಗಿಬಿಟ್ಟದ್ದು. ಆದರೆ ಅಂತೆಕಂತೆಗಳನ್ನು ಹೇಳಿ 'ಅಂತೆ'ಯ ಮರೆಯಲ್ಲಿ ಅಡಗಿಕೊಳ್ಳುವವರೂ ಉಂಟು. ನದಿಯ ನೀರಿನ ವಿಷಯದಲ್ಲಿ 'ಅಂತೆ' ಸಾಕು. ಯಾಕಂದರೆ ಮಾತು ಸುಳ್ಳಾದರೂ ಜನರು ಒಂದು ರಾತ್ರಿ ಎತ್ತರದ ಜಾಗದಲ್ಲಿ ಕಳೆದು ಬರುವರು, ಅಷ್ಟೇ. ಒಬ್ಬ ಮನುಷ್ಯನ ಮಾನದ ವಿಷಯದಲ್ಲಿ 'ಅಂತೆ' ಸಾಲದು. ಹೋದ ಮಾನವು ಬೆಳಿಗ್ಗೆ ಇಳಿದುಬರುವದಿಲ್ಲ.

ಮತ್ತೊಂದು ಆಕ್ಷೇಪಣೆ: ಇಷ್ಟು ಹೆದರಿದರೆ ಬಲಿಷ್ಠರ ಅನ್ಯಾಯವನ್ನು ಯಾರು ಹೇಳಬೇಕು? ಬಾಯಿ ಮುಚ್ಚಿಕೊಂಡಿರುವದೇ ಪುಣ್ಯವೋ? ಹಾಗಲ್ಲ. ಇದಕ್ಕೂ ಮತ್ತೊಬ್ಬ ಸ್ಕಾಟ್ಲೆಂಡಿನವರ ದೃಷ್ಟಾಂತ ಉಂಟು. ವಿಲಿಯಂ ಲಯನ್ ಮೆಕೆಂಜಿ ಎಂಬವರು 1820ರಲ್ಲಿ ಕೆನಡಾ ದೇಶಕ್ಕೆ ವಲಸೆಹೋಗಿ, 1824ರಲ್ಲಿ ಒಂದು ಪತ್ರಿಕೆಯನ್ನು ಹೊರಡಿಸಿ, ಕೆಲವೇ ಮನೆತನಗಳವರು ಅಧಿಕಾರವನ್ನೆಲ್ಲಾ ಹಂಚಿಕೊಂಡದ್ದನ್ನು ಧೈರ್ಯದಿಂದ ಬಯಲಿಗೆ ತಂದರು. 1826ರ ಜೂನ್ ತಿಂಗಳಲ್ಲಿ ಆ ಮನೆತನಗಳ ಯುವಕರು ಹಾಡೇಹಗಲಲ್ಲಿ ಛಾಪಖಾನೆಗೆ ನುಗ್ಗಿ ಅಚ್ಚಿನ ಮೊಳೆಗಳನ್ನು ಸರೋವರಕ್ಕೆ ಎಸೆದರು. ನ್ಯಾಯಸ್ಥಾನವು ಅವರಿಂದ 625 ಪೌಂಡುಗಳ ಪರಿಹಾರವನ್ನು ಕೊಡಿಸಿತು. ಆ ಹಣದಿಂದಲೇ ಪತ್ರಿಕೆಯು ಮುಂದುವರಿಯಿತು. ಅನ್ಯಾಯವನ್ನು ಹೇಳಿದ್ದು ಮೆಕೆಂಜಿಯವರ ಸದ್ಗುಣ. ಆದರೆ ಅದೇ ಪುಟಗಳಲ್ಲಿ ಆ ಮನೆತನಗಳ ಹಿರಿಯರ ಹುಟ್ಟುಬಾಳುಗಳನ್ನು ಎತ್ತಿ ಹೀಯಾಳಿಸುವ ನುಡಿಗಳನ್ನೂ ಅವರು ಸೇರಿಸಿದ್ದರು. ಅದರಿಂದ ಯಾವ ಬಡವನಿಗೂ ನ್ಯಾಯ ಸಿಕ್ಕಲಿಲ್ಲ; ವೈರಿಗಳಿಗೆ ಸಿಟ್ಟಿನ ನೆವ ಮಾತ್ರ ಸಿಕ್ಕಿತು. ಆದಕಾರಣ, ಹೇಳತಕ್ಕದ್ದನ್ನು ಹೇಳುವ ಧೈರ್ಯವೂ, ಹೇಳಬಾರದ್ದನ್ನು ಬಿಡುವ ಸಂಯಮವೂ ಒಬ್ಬನಲ್ಲಿಯೇ ಇರಬೇಕು. ಮೌನವೂ ಒಮ್ಮೊಮ್ಮೆ ಸುಳ್ಳುಸಾಕ್ಷಿಯಾಗುವದು. ಆ ನೇಕಾರನ ಪರವಾಗಿ ಮಾತಾಡಬಹುದಾಗಿದ್ದ ಓಣಿಯವರು ಸುಮ್ಮನೆ ಇದ್ದದ್ದನ್ನೂ ನಾವು ಬಲ್ಲೆವು.

ಮೋಗ್ಲಿಂಗ್ ಅಯ್ಯನವರ ನಡತೆಯಲ್ಲಿ ಇನ್ನೊಂದನ್ನು ನಾವು ಗಮನಿಸಬೇಕು. ಅವರು ಕ್ರೈಸ್ತಬೋಧಕರು, ಈ ದೇಶದ ಮತಗಳನ್ನು ಒಪ್ಪಿದವರಲ್ಲ, ಒಪ್ಪಿದಂತೆ ನಟಿಸಿದವರೂ ಅಲ್ಲ. ಆದರೂ ತಮ್ಮ ಪತ್ರಿಕೆಯಲ್ಲಿ ಪುರಂದರದಾಸರ ಪದಗಳಿಗೆ ಸ್ಥಳಕೊಟ್ಟರು. 1848ರಿಂದ ಆರಂಭಿಸಿ ಕೆಲವು ವರುಷಗಳಲ್ಲಿ, ಕ್ಯಾಸಮೇಜರ್ ಎಂಬ ನ್ಯಾಯಾಧೀಶರ ಧನಸಹಾಯದಿಂದ, ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಹಳೆಯ ಕನ್ನಡ ಗ್ರಂಥಗಳನ್ನು ಓಲೆಗರಿಗಳಿಂದ ಎತ್ತಿ ಅಚ್ಚು ಹಾಕಿಸಿದರು. ತಾನು ಒಪ್ಪದವನ ಮಾತನ್ನೂ ಅವನು ಆಡಿದಂತೆಯೇ ಮುಟ್ಟಿಸುವದು ಎಷ್ಟು ಕಠಿಣವೆಂಬದನ್ನು, ಹಳ್ಳಿಯಲ್ಲಿ ಹಲವು ಮತಗಳವರ ನಡುವೆ ಬಾಳುವ ನಾವು ಬಲ್ಲೆವು. ನಮ್ಮವರ ತಪ್ಪನ್ನು ಚಿಕ್ಕದುಮಾಡಿ, ಅವರವರ ತಪ್ಪನ್ನು ದೊಡ್ಡದುಮಾಡಿ ಹೇಳುವ ಚಟ ಎಲ್ಲಾ ಓಣಿಗಳಲ್ಲಿಯೂ ಉಂಟು. ನಮ್ಮ ವಿಷಯದಲ್ಲಿ ಬೇರೆಯವರು ಸುಳ್ಳು ಹಬ್ಬಿಸಿದರೆ ನಮಗೆ ನೋವಾಗುವದು; ಅದೇ ನೋವು ಅವರಿಗೂ ಆಗುವದೆಂಬದನ್ನು ನೆನಸುವವನು ಎಲ್ಲಿ?

ಅಯ್ಯನವರ ಕಾಲದಲ್ಲಿ ಒಂದು ಸೀಮೆಗೆ ಒಂದು ಛಾಪಖಾನೆ ಇದ್ದರೆ ಹೆಚ್ಚು. ಈಗಲಾದರೋ ಮಗ್ಗದ ಮನೆಯ ಹುಡುಗನ ಕೈಯಲ್ಲಿಯೂ, ಕಬ್ಬು ಕಡಿಯುವವನ ಕಿಸೆಯಲ್ಲಿಯೂ ಒಂದೊಂದು ಛಾಪಖಾನೆ ಇದೆ. ಮೊಬೈಲಿನ ಮೇಲೆ ಬೆರಳು ಮುಟ್ಟಿಸಿದರೆ ಒಂದು ಮಾತು ನೂರು ಮನೆಗಳಿಗೆ ಹೋಗುವದು. ಕಲ್ಲಿನ ಮೇಲೆ ಅಕ್ಷರ ಮೂಡಿಸುವ ಶ್ರಮವಿಲ್ಲ. ಶ್ರಮವಿಲ್ಲದ್ದರಿಂದ ಆಲೋಚಿಸುವ ಹೊತ್ತೂ ಇಲ್ಲ. 2018ನೆಯ ಇಸವಿಯ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಎಂಬ ಗ್ರಾಮದಲ್ಲಿ ನಡೆದದ್ದನ್ನು ಕೇಳಿರಿ. ಕಾರಿನಲ್ಲಿ ಬಂದಿದ್ದ ಕೆಲವು ಯುವಕರು ಹತ್ತಿರದ ಊರಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಮಾತು ವಾಟ್ಸಾಪಿನಲ್ಲಿ ಅವರಿಗಿಂತ ಮುಂದಾಗಿ ಮುರ್ಕಿಗೆ ಮುಟ್ಟಿತು. ಅಲ್ಲಿ ಗುಂಪು ಕೂಡಿ ಅವರನ್ನು ಬಡಿಯಿತು; ಒಬ್ಬ ಯುವಕನು ಸತ್ತನು, ಉಳಿದವರು ಗಾಯಗೊಂಡರು. ಆ ಮಾತನ್ನು ಕಳಿಸಿದವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿರಬಹುದು. ಒಳ್ಳೇ ಮನಸ್ಸು ಇದ್ದರೆ ಸಾಕು, ಶೋಧನೆ ಬೇಡ, ಅನ್ನುವವರಿಗೆ ಆ ಯುವಕನ ಮರಣವೇ ಉತ್ತರ.

ಹಾಗಾದರೆ ನಮ್ಮ ಮೊದಲಿನ ಪ್ರಶ್ನೆಗೆ ಏನು ಹೇಳೋಣ? ಬೇಕೆಂದೇ ಸುಳ್ಳು ಹುಟ್ಟಿಸುವವನ ಪಾಪವೂ, ತಿಳಿಯದೆ ದಾಟಿಸುವವನ ತಪ್ಪೂ ಒಂದೇ ತೂಕದ್ದೆಂದು ನಾವು ಹೇಳುವದಿಲ್ಲ. ಅದು ನ್ಯಾಯವಲ್ಲ. ಆದರೆ ದಾಟಿಸುವವನು ನಿರ್ದೋಷಿಯೆಂದೂ ಹೇಳಲಾರೆವು. ಅವನ ಹೊಣೆಯನ್ನು ಅಳೆಯುವ ಕೋಲು ಯಾವದೆಂದರೆ, ನಿಜವನ್ನು ತಿಳಿಯಲು ಅವನು ಎಷ್ಟು ಹೆಜ್ಜೆ ನಡೆಯಬಹುದಾಗಿತ್ತು, ಎಷ್ಟು ನಡೆದನು, ಎಂಬದೇ. ದೂರದ ರಾಜಧಾನಿಯ ಸಂಗತಿಯನ್ನು ಬಡ ಕೂಲಿಯವನು ಶೋಧಿಸಲಾರನು. ಅವನು 'ಅಂತೆ' ಎಂದು ಹೇಳಿದರೆ ಸಾಕು, ಹೇಳದಿದ್ದರೆ ಇನ್ನೂ ಲೇಸು. ಆದರೆ ಹತ್ತು ಹೆಜ್ಜೆಯ ದೂರದಲ್ಲಿರುವ ನೆರೆಯವನ ಸಂಗತಿಯನ್ನು ಅವನ ಬಾಗಿಲಿಗೆ ಹೋಗಿ ಕೇಳದೆ, ಅವನ ಬೆನ್ನ ಹಿಂದೆ ಹೇಳುವವನಿಗೆ ಯಾವ ನೆವವೂ ಇಲ್ಲ. ಮತ್ತು ಜನರು ಯಾರ ಮಾತನ್ನು ಬೇಗನೆ ನಂಬುವರೋ ಅಂಥವರ ಹೊಣೆ ಎಲ್ಲರದಕ್ಕಿಂತ ಹೆಚ್ಚು. ಊರ ಹಿರಿಯರು, ಶಿಕ್ಷಕರು, ಸಭೆಯ ಹಿರಿಯರು, ಉಪದೇಶಿಗಳು ಇದನ್ನು ನೆನಪಿಡಬೇಕು. ಬೇರೆಯವರು ಆಡಿದರೆ ಹರಟೆಯಾಗುವ ಮಾತು ಇವರ ಬಾಯಲ್ಲಿ ತೀರ್ಪಾಗುವದು.

ತಪ್ಪಿ ದಾಟಿಸಿದ ಮೇಲೆ ಏನು ಮಾಡಬೇಕೆಂಬದನ್ನೂ ಹೇಳಬೇಕು. ಒಳಗೊಳಗೆ ಮರುಗಿ, ರಾತ್ರಿ ಪ್ರಾರ್ಥಿಸಿ ಮಲಗಿದರೆ ಅದು ಅರ್ಧ ಕೆಲಸ. ಮಾತು ಯಾವ ದಾರಿಯಿಂದ ಹೋಯಿತೋ ಅದೇ ದಾರಿಯಿಂದ ನಿಜವನ್ನೂ ಕಳುಹಿಸಬೇಕು: ಅದೇ ಅಂಗಡಿಗೆ, ಅದೇ ಮನೆಗಳಿಗೆ, ಅದೇ ಮೊಬೈಲಿನ ಗುಂಪಿಗೆ. ನಮ್ಮ ಹೆಸರಿಗೆ ಸ್ವಲ್ಪ ಕುಂದು ಬರುವದು, ಬರಲಿ. ಮತ್ತೊಬ್ಬನ ಹೆಸರಿಗೆ ನಾವು ತಂದ ಕುಂದಿಗಿಂತ ಅದು ದೊಡ್ಡದಲ್ಲ.

ಮೋಗ್ಲಿಂಗ್ ಅಯ್ಯನವರು ಆಮೇಲೆ ಕೊಡಗಿನಲ್ಲಿ ಕೆಲಸಮಾಡಿ, 1860ರಲ್ಲಿ ಸ್ವದೇಶಕ್ಕೆ ಹಿಂತಿರುಗಿದರು. ಅದಕ್ಕೆ ಎರಡು ವರುಷ ಮೊದಲೇ, ಅವರು ಕನ್ನಡಕ್ಕೆ ಮಾಡಿದ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತ್ತು. 1881ನೆಯ ಇಸವಿಯ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ತೀರಿಕೊಂಡರು. ಮಂಗಳೂರಲ್ಲಿ ಅವರ ಪತ್ರಿಕೆಯು ನಡೆದದ್ದು ಎಂಟೇ ತಿಂಗಳು. ಆದರೂ ಜನರು ಅವರನ್ನು ಈ ಹೊತ್ತಿಗೂ ನೆನಸುತ್ತಾರೆ. ಸಾವಿರ ವರುಷಗಳ ಹಿಂದೆ ರನ್ನಕವಿ ಹುಟ್ಟಿದ ಮುಧೋಳದ ಸೀಮೆಯವರಾದ ನಮಗೆ, ಕನ್ನಡದ ಒಂದು ಮಾತು ಎಷ್ಟು ಕಾಲ ಬಾಳಬಲ್ಲದೆಂಬದನ್ನು ಯಾರೂ ಕಲಿಸಬೇಕಾಗಿಲ್ಲ. ಒಳ್ಳೇ ಮಾತು ಬಾಳುವಂತೆ ಕೆಟ್ಟ ಮಾತೂ ಬಾಳುವದು.

ಪ್ರಿಯರೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬದು ನಮ್ಮ ಹಿರಿಯರ ಗಾದೆ. ಕಂಡದ್ದಕ್ಕೇ ಅಷ್ಟು ಎಚ್ಚರ ಬೇಕಾದರೆ ಕೇಳಿದ್ದಕ್ಕೆ ಎಷ್ಟು ಬೇಕು? ಈ ವಾರ ನಿಮ್ಮ ಕಿವಿಗೆ ನೆರೆಯವನ ವಿಷಯವಾಗಿ ಏನಾದರೂ ಬಿದ್ದೇ ಬೀಳುವದು. ಆಗ ಬಾಯಿ ತೆರೆಯುವದಕ್ಕಿಂತ ಮುಂಚೆ ಎದ್ದು, ಅವನ ಮನೆಯ ಕಡೆಗೆ ಹತ್ತು ಹೆಜ್ಜೆ ನಡೆದು, ಬಾಗಿಲಲ್ಲಿ ನಿಂತು, "ಅಣ್ಣಾ, ಹೀಗೊಂದು ಮಾತು ಕೇಳಿದೆ, ನಿಜವೇನು?" ಎಂದು ಕೇಳಿರಿ. ಅವನಿಗೂ ಒಂದು ಮಾತು ಹೇಳಿಕೊಳ್ಳುವದಿರಬಹುದು.